ಹಲ್ಲು ಮೂಳೆಗೆ ಅಂಟಿಕೊಂಡಿಲ್ಲ

"ಹಲ್ಲು ಕ್ಲೀನ್ ಮಾಡಿಸಬೇಡಿ, ಸಡಿಲ ಆಗಿಬಿಡುತ್ತವೆ." ಈ ಮಾತನ್ನು ನಂಬಿ, ವಸಡಿನಿಂದ ರಕ್ತ ಬರುತ್ತಿದ್ದರೂ ವರ್ಷಗಟ್ಟಲೆ ದಂತವೈದ್ಯರ ಬಳಿ ಸುಳಿಯದವರು ಬಹಳ ಮಂದಿ. ಇಂಥ ಭಯಗಳ ಬುಡದಲ್ಲಿ, ಗೋಡೆಗೆ ಹೊಡೆದ ಮೊಳೆಯ ಹಾಗೆ ಹಲ್ಲು ದವಡೆಯಲ್ಲಿ ನಾಟಿಕೊಂಡಿದೆ ಎಂಬ ಕಲ್ಪನೆಯಿದೆ.

ಆರೋಗ್ಯವಂತ ಹಲ್ಲಿನ ಬೇರು ಮೂಳೆಯನ್ನು ಮುಟ್ಟುವುದೇ ಇಲ್ಲ. ನಡುವೆ ಸುಮಾರು 0.2 ಮಿಲಿಮೀಟರ್ ತೆರಪಿದೆ. ಅಲ್ಲಿ ತುಂಬಿರುವ ಕೊಲಾಜನ್ ನಾರುಗಳ ಒಂದು ತುದಿ ಬೇರನ್ನು ಹೊದ್ದ ಸಿಮೆಂಟಮ್ ಪದರದಲ್ಲಿ, ಇನ್ನೊಂದು ತುದಿ ಮೂಳೆಯಲ್ಲಿ ಹೂತಿರುತ್ತದೆ. ಇದೇ ಪೆರಿಯೊಡಾಂಟಲ್ ಲಿಗಮೆಂಟ್. ಇದರ ಆಸರೆಯಲ್ಲಿ ಹಲ್ಲು ಅಗಿಯುವಾಗ ತುಸುವೇ ಅಲುಗುತ್ತದೆ; ಅಷ್ಟು ಅಲುಗಾಟ ಸಹಜ. ರಕ್ತನಾಳ, ನರಗಳೂ ಇದರೊಳಗಿವೆ. ಅನ್ನದಲ್ಲಿ ಕಲ್ಲು ಸಿಕ್ಕೊಡನೆ ದವಡೆ ತಟ್ಟನೆ ನಿಲ್ಲುವುದರಲ್ಲಿ ಈ ನರಗಳ ಪಾಲು ದೊಡ್ಡದು.

ಕ್ಲಿಪ್ ಹಾಕಿ ಹಲ್ಲು ಸರಿಸಲು ಆಗುವುದೂ ಈ ಪದರದಿಂದಲೇ. ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಎಳೆತ ಬಿದ್ದ ಕಡೆ ಹೊಸದು ಬೆಳೆಯುತ್ತದೆ. ಮೂಳೆಗೆ ನೇರವಾಗಿ ಬೆಸೆದುಕೊಳ್ಳುವ ಕೃತಕ ಬೇರನ್ನು, ಅಂದರೆ ಇಂಪ್ಲಾಂಟನ್ನು, ಹೀಗೆ ಸರಿಸಲಾಗದು.

ಇನ್ನು ಕ್ಲೀನಿಂಗ್ ವಿಚಾರ. ಹಲ್ಲು ಸಡಿಲವಾಗುವುದು ಅದರಿಂದಲ್ಲ. ವಸಡಿನಂಚಿನಲ್ಲಿ ಕಟ್ಟಿದ ಪಾಚಿಯ ಬ್ಯಾಕ್ಟೀರಿಯಾಗಳಿಂದ ಉರಿಯೂತ ಶುರುವಾಗಿ, ನಾರುಗಳೂ ಮೂಳೆಯೂ ಮೆಲ್ಲಗೆ ನಾಶವಾಗುತ್ತವೆ. ಆಗಲೇ ಸಡಿಲಗೊಂಡ ಹಲ್ಲುಗಳನ್ನು ಗಟ್ಟಿಯಾದ ಪಾಚಿ ಕೆಲವೊಮ್ಮೆ ಒಂದಕ್ಕೊಂದು ಹಿಡಿದಿಟ್ಟಿರುತ್ತದೆ. ಅದನ್ನು ತೆಗೆದಾಗ ಹಳೆಯ ಹಾನಿ ಅನುಭವಕ್ಕೆ ಬರುತ್ತದೆ, ಅಪವಾದ ಮಾತ್ರ ಕ್ಲೀನಿಂಗ್ ಮೇಲೆ. ರಕ್ತ ಕಂಡಿತೆಂದು ಬ್ರಷ್ ಮಾಡುವುದನ್ನು ಬಿಟ್ಟರೆ ಪಾಚಿ ಇನ್ನಷ್ಟು ಕಟ್ಟುತ್ತದೆ. ಧೂಮಪಾನಿಗಳಲ್ಲಿ ಈ ವಸಡಿನ ರೋಗವಿದ್ದರೂ ರಕ್ತ ಕಡಿಮೆ ಬರಬಹುದು. ಅವರು ರಕ್ತವಿಲ್ಲವೆಂದು ನೆಮ್ಮದಿಯಾಗಿ ಇರುವಂತಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೂ ಅಪಾಯ ಹೆಚ್ಚು.

ನನಗೆ ಅತಿ ಹೆಚ್ಚು ಕಳವಳ ತರುವುದು ಇನ್ನೊಂದು ನಂಬಿಕೆ: ಪೆಟ್ಟು ಬಿದ್ದು ಕಿತ್ತುಬಂದ ಹಲ್ಲು ಕಸಕ್ಕೇ ಎಂಬುದು. ಆಟವಾಡುವಾಗ ಮಗುವಿನ ಶಾಶ್ವತ ಹಲ್ಲು ಬುಡಸಮೇತ ಬಿದ್ದರೆ, ಬೇರಿಗೆ ಅಂಟಿದ ನಾರಿನ ಜೀವಕೋಶಗಳು ಇನ್ನೂ ಬದುಕಿರುತ್ತವೆ. ಬೇರನ್ನು ಮುಟ್ಟಬೇಡಿ, ಉಜ್ಜಬೇಡಿ. ಹಲ್ಲಿನ ಬಿಳಿ ಭಾಗವನ್ನು ಹಿಡಿದು, ಮಣ್ಣಾಗಿದ್ದರೆ ಕೆಲವೇ ಕ್ಷಣ ತಣ್ಣೀರಿನಲ್ಲಿ ಅದ್ದಿ, ಅದರ ಜಾಗದಲ್ಲೇ ಕೂರಿಸಿ ಬಟ್ಟೆ ಕಚ್ಚಿಸಿ. ಅದಾಗದಿದ್ದರೆ ತಣ್ಣನೆಯ ಹಾಲಿನಲ್ಲಿಟ್ಟು ದಂತವೈದ್ಯರ ಬಳಿ ಓಡಿ. ಒಂದು ಗಂಟೆ ಒಣಗಿದರೆ ಆ ಕೋಶಗಳು ಬಹುತೇಕ ಸತ್ತಿರುತ್ತವೆ. ಆಮೇಲೆ ಕೂರಿಸಿದ ಹಲ್ಲು ಮೂಳೆಗೇ ಅಂಟಿಕೊಂಡು, ಬೇರು ವರ್ಷಗಳಲ್ಲಿ ಕರಗಿಹೋಗುತ್ತದೆ. ಹಾಲುಹಲ್ಲನ್ನು ಮಾತ್ರ ಮರಳಿ ಕೂರಿಸಬಾರದು. ಅದರ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಪೆಟ್ಟಾಗಬಹುದು.