ಬೀಳಗಿಯಿಂದ ಬಾಂಬೆಗೆ: ಅಮೀರಬಾಯಿ ಕರ್ನಾಟಕಿ ದೇಶದ ಮನೆಮಾತಾಗಿದ್ದು ಹೇಗೆ?

ಈಗ ಒಂದು ಹಾಡು ಹಿಟ್ ಆಯ್ತು ಅಂದ್ರೆ ಮರುದಿನವೇ ಗಾಯಕಿಯ ಹೆಸರು ಎಲ್ಲರ ಮೊಬೈಲ್‌ನಲ್ಲಿ ಇರುತ್ತೆ. 1943ರಲ್ಲಿ ಹಾಗಿರಲಿಲ್ಲ. ರೇಡಿಯೋ ಇದ್ದ ಮನೆಗಳೇ ಕಡಿಮೆ, ಗ್ರಾಮೋಫೋನ್ ಇದ್ದರೆ ಅದು ದೊಡ್ಡ ಮನೆ ಅಂತ ಲೆಕ್ಕ. ಅಂಥ ಕಾಲದಲ್ಲೂ ಒಂದು ದನಿ ಲಾಹೋರ್‌ನಿಂದ ಕಲ್ಕತ್ತಾದವರೆಗೆ ಜನರ ಬಾಯಲ್ಲಿತ್ತು. ಆ ದನಿ ನಮ್ಮ ಬೀಳಗಿಯ ಹೆಣ್ಣುಮಗಳದು. ಹೆಸರು ಅಮೀರಬಾಯಿ ಕರ್ನಾಟಕಿ.

ವಿಜಯಪುರದಲ್ಲಿ 'ಅಮೀರ್ ಟಾಕೀಸ್' ಅಂದ್ರೆ ಹಿರಿಯರಿಗೆಲ್ಲ ಗೊತ್ತು. ಆದ್ರೆ ಆ 'ಅಮೀರ್' ಯಾರು ಅಂತ ಕೇಳಿದ್ರೆ ಯಾರೋ ಶ್ರೀಮಂತ ಸಾಹುಕಾರ ಇರಬೇಕು ಅನ್ನೋರೇ ಹೆಚ್ಚು. ಆಕೆ ಯಾರು, ಅಷ್ಟು ದೂರ ಹೋಗಿದ್ದು ಹೇಗೆ, ಯಾಕೆ ಮರೆತುಹೋದರು ಅನ್ನೋದರ ವಿವರ ಇಲ್ಲಿದೆ.

ಹಾಡು ಮನೆಯಲ್ಲೇ ಇತ್ತು

ಅಮೀರಬಾಯಿ ಹುಟ್ಟಿದ್ದು 20ನೇ ಶತಮಾನದ ಆರಂಭದಲ್ಲಿ, ಬೀಳಗಿಯಲ್ಲಿ. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಈ ಊರು ಆಗ ವಿಜಾಪುರ ಜಿಲ್ಲೆಯಲ್ಲಿತ್ತು. ಅವರದು ಸಂಗೀತ ಮತ್ತು ನಾಟಕದ ನಂಟಿದ್ದ ಮುಸ್ಲಿಂ ಕುಟುಂಬ. ಮನೆಮಾತು ಕನ್ನಡ. ಅಕ್ಕತಂಗಿಯರಲ್ಲಿ ಇಬ್ಬರ ಹೆಸರು ದೂರದವರೆಗೆ ಹೋಯಿತು. ಒಬ್ಬರು ಅಮೀರಬಾಯಿ, ಇನ್ನೊಬ್ಬರು ಅಕ್ಕ ಗೋಹರಬಾಯಿ.

ಆ ಕಾಲದ ಉತ್ತರ ಕರ್ನಾಟಕವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಗದಗಿನ ಗರೂಡ ಸದಾಶಿವರಾಯರ ಕಂಪನಿ, ವಾಮನರಾವ್ ಮಾಸ್ತರರ ಕಂಪನಿ ಊರೂರು ತಿರುಗಿ ಕ್ಯಾಂಪ್ ಹಾಕುತ್ತಿದ್ದ ಕಾಲ ಅದು. ನಾಟಕ ಅಂದ್ರೆ ಆಗ ಬರೀ ಮಾತಲ್ಲ, ರಾತ್ರಿಯಿಡೀ ಹಾಡು. ಒಳ್ಳೆ ಹಾಡಿಗೆ 'ಒನ್ಸ್ ಮೋರ್' ಕೂಗಿದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು, ಹಾಡು ಮತ್ತೆ ಶುರುವಾಗುತ್ತಿತ್ತು. ಮಲ್ಲಿಕಾರ್ಜುನ ಮನ್ಸೂರರಂಥ ದೊಡ್ಡ ಗಾಯಕರು ಕೂಡ ಚಿಕ್ಕಂದಿನಲ್ಲಿ ಕಂಪನಿ ನಾಟಕದಲ್ಲಿ ಬಣ್ಣ ಹಚ್ಚಿದವರೇ. ಹಾರ್ಮೋನಿಯಂ, ತಬಲಾ, ಹಿಂದೂಸ್ತಾನಿ ರಾಗ, ಮರಾಠಿ ನಾಟ್ಯಗೀತೆ, ಉರ್ದು ಗಜಲ್ ಎಲ್ಲವೂ ಒಂದೇ ತಂಬುವಿನ ಕೆಳಗೆ ಸೇರುತ್ತಿದ್ದವು.

ಇಂಥ ವಾತಾವರಣದಲ್ಲಿ ಬೆಳೆದ ಹುಡುಗಿಗೆ ಸಂಗೀತ ಶಾಲೆ ಬೇರೆ ಬೇಕಿರಲಿಲ್ಲ. ಆದರೆ ಇನ್ನೊಂದು ಮಾತೂ ಅಷ್ಟೇ ನಿಜ. ಹಾಡೋ, ಕುಣಿಯೋ ಹೆಂಗಸರನ್ನು ಜನ ಮೆಚ್ಚುತ್ತಿದ್ದರು, ಮರ್ಯಾದೆ ಮಾತ್ರ ಕೊಡುತ್ತಿರಲಿಲ್ಲ. 'ಬಾಯಿ' ಅನ್ನೋ ಪದದಲ್ಲೇ ಮೆಚ್ಚುಗೆ, ತಾತ್ಸಾರ ಎರಡೂ ಇದ್ದವು. ಅಮೀರಬಾಯಿಯ ಬದುಕಿನುದ್ದಕ್ಕೂ ಈ ಎರಡೂ ಜೊತೆಗೇ ಬಂದವು.

ಬೆಂಗಳೂರಲ್ಲ, ಬಾಂಬೆ ಯಾಕೆ?

ಈಗಿನವರಿಗೆ ಈ ಪ್ರಶ್ನೆ ಬರೋದು ಸಹಜ. ಉತ್ತರ ಆಗಿನ ನಕ್ಷೆಯಲ್ಲಿದೆ. ವಿಜಾಪುರ, ಧಾರವಾಡ, ಬೆಳಗಾವಿ ಎಲ್ಲ ಆಗ ಬಾಂಬೆ ಪ್ರಾಂತ್ಯದ ಭಾಗ. ಸರ್ಕಾರಿ ಕಚೇರಿಯ ದಾರಿಯೂ ಬಾಂಬೆಗೆ, ವ್ಯಾಪಾರದ ದಾರಿಯೂ ಬಾಂಬೆಗೆ. ಬಾಗಲಕೋಟೆ, ವಿಜಾಪುರದ ಮೇಲೆ ಹಾದುಹೋಗುವ ಗದಗ–ಹೊಟಗಿ ರೈಲು ಮಾರ್ಗ 1880ರ ದಶಕದಲ್ಲೇ ಬಂದಿತ್ತು. ಹೊಟಗಿ ದಾಟಿದರೆ ಸೊಲ್ಲಾಪುರ, ಅಲ್ಲಿಂದ ಪುಣೆ, ಮುಂದೆ ಬಾಂಬೆ. ಮೈಸೂರು ಸಂಸ್ಥಾನ ಆಗ ಬೇರೆಯದೇ ರಾಜ್ಯ.

ನಾಟಕ, ಗ್ರಾಮೋಫೋನ್, ಸಿನಿಮಾ ಮೂರರ ದುಡ್ಡೂ ಬಾಂಬೆಯಲ್ಲಿತ್ತು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರೂ 1930ರ ದಶಕದ ಆರಂಭದಲ್ಲಿ ಎಚ್‌ಎಂವಿಗೆ ಹಾಡಿದ್ದು ಅಲ್ಲೇ. ಅವರ ಮೊದಮೊದಲ ಪ್ಲೇಟುಗಳ ಮೇಲೆ 'ಗಾಂಧಾರಿ' ಅಂತ ಹೆಸರಿತ್ತು. ಅಮೀರಬಾಯಿಗೆ ಇನ್ನೊಂದು ಅನುಕೂಲವಿತ್ತು. ಅಕ್ಕ ಗೋಹರ್ ಆಗಲೇ ಬಣ್ಣದ ಲೋಕದಲ್ಲಿ ಕಾಲೂರಿದ್ದರು. ಅವರ ಬೆಂಬಲದಿಂದಲೇ ತಂಗಿಗೆ ಮೊದಲ ಅವಕಾಶ ಸಿಕ್ಕಿತು. 1934ರ 'ವಿಷ್ಣು ಭಕ್ತಿ' ಚಿತ್ರದಿಂದ ಅಮೀರಬಾಯಿಯ ಸಿನಿಮಾ ಪಯಣ ಶುರು.

'ಕರ್ನಾಟಕಿ' ಅನ್ನೋ ಹೆಸರಿನ ಗುಟ್ಟು

ಆಗಿನ ಕಲಾವಿದೆಯರ ಹೆಸರು ಗಮನಿಸಿ: ಜೊಹ್ರಾಬಾಯಿ ಅಂಬಾಲೇವಾಲಿ, ಕೇಸರಬಾಯಿ ಕೇರ್ಕರ್, ಹೀರಾಬಾಯಿ ಬಡೋದೇಕರ್. ಊರ ಹೆಸರೇ ಅಡ್ಡಹೆಸರು. ಒಂದೇ ಹೆಸರಿನವರು ಹಲವರಿದ್ದಾಗ ಗುರುತು ಹಿಡಿಯೋಕೆ ಇದು ಸುಲಭ. 'ಗೋಹರ್' ಅನ್ನೋ ಹೆಸರಿನವರಂತೂ ಆಗ ಸುಮಾರು ಜನ. ಕಲ್ಕತ್ತಾದ ಗೌಹರ್ ಜಾನ್ ಗ್ರಾಮೋಫೋನ್‌ನಲ್ಲಿ, ಮಿಸ್ ಗೋಹರ್ ಸಿನಿಮಾದಲ್ಲಿ ಹೆಸರು ಮಾಡಿದ್ದರು.

ಆದರೆ ಬೀಳಗಿಯ ಈ ಅಕ್ಕತಂಗಿಯರು 'ಬೀಳಗಿ' ಅಂತಲೂ ಅನ್ನಿಸಿಕೊಳ್ಳಲಿಲ್ಲ, 'ವಿಜಾಪುರ' ಅಂತಲೂ ಅನ್ನಿಸಿಕೊಳ್ಳಲಿಲ್ಲ. 'ಕರ್ನಾಟಕಿ' ಅನ್ನಿಸಿಕೊಂಡರು. ನೆನಪಿಡಬೇಕಾದ ವಿಷಯ ಏನಂದ್ರೆ, ಆಗ ಕರ್ನಾಟಕ ಅನ್ನೋ ರಾಜ್ಯವೇ ಇರಲಿಲ್ಲ. ಏಕೀಕರಣ ಆಗಿದ್ದು 1956ರಲ್ಲಿ, 'ಕರ್ನಾಟಕ' ಅಂತ ಹೆಸರು ಬಂದಿದ್ದು 1973ರಲ್ಲಿ. ಅದಕ್ಕೂ ದಶಕಗಳ ಮುಂಚೆ ಈ ನೆಲದ ಹೆಸರು ಹಿಂದಿ ಸಿನಿಮಾದ ಟೈಟಲ್ ಕಾರ್ಡ್‌ನಲ್ಲಿ ಬಂದಿತ್ತು.

ತಿರುವು ಕೊಟ್ಟ 'ಕಿಸ್ಮತ್'

1930ರ ದಶಕದಲ್ಲಿ ಅಮೀರಬಾಯಿ ನಟನೆ, ಹಾಡು ಎರಡನ್ನೂ ಮಾಡಿದರು. 1931ರಲ್ಲಿ 'ಆಲಂ ಆರಾ' ಬಂದ ಮೇಲೆ ಕೆಲವು ವರ್ಷ ಪರದೆ ಮೇಲಿನ ನಟಿಯೇ ಹಾಡಬೇಕಿತ್ತು. ಹಾಗಾಗಿ ನಾಟಕ ಕಂಪನಿಯ ಗಾಯಕಿಯರಿಗೆ ಬೇಡಿಕೆ. ವಿಜಯ್ ಭಟ್ಟರ 'ನರಸಿ ಭಗತ್' (1940), 'ಭರತ್ ಮಿಲಾಪ್' (1942)ನಂಥ ಭಕ್ತಿ ಚಿತ್ರಗಳಲ್ಲಿ ಅವರು ಗುರುತಿಸಿಕೊಂಡರು.

1935ರ ಹೊತ್ತಿಗೆ ಹಿನ್ನೆಲೆ ಗಾಯನ ಬಂತು. ಒಬ್ಬರು ಹಾಡೋದು, ಇನ್ನೊಬ್ಬರು ತುಟಿ ಆಡಿಸೋದು. ಚೆಲುವು ಒಬ್ಬರದು, ದನಿ ಇನ್ನೊಬ್ಬರದು ಆದರೂ ನಡೆಯುತ್ತೆ ಅಂತ ಆಯ್ತು. ಇದರಿಂದ ಹಲವು ಗಾಯಕ ನಟಿಯರು ಮೂಲೆಗೆ ಬಿದ್ದರು. ಅಮೀರಬಾಯಿಗೆ ಮಾತ್ರ ಇದೇ ದೊಡ್ಡ ಬಾಗಿಲು ತೆರೆಯಿತು.

1943ರಲ್ಲಿ ಬಾಂಬೆ ಟಾಕೀಸ್‌ನ 'ಕಿಸ್ಮತ್' ತೆರೆಕಂಡಿತು. ಜ್ಞಾನ್ ಮುಖರ್ಜಿ ನಿರ್ದೇಶನ, ಅಶೋಕ್ ಕುಮಾರ್ ನಾಯಕ, ಮುಮ್ತಾಜ್ ಶಾಂತಿ ನಾಯಕಿ. ಅನಿಲ್ ಬಿಸ್ವಾಸ್ ಸಂಗೀತ, ಕವಿ ಪ್ರದೀಪ್ ಸಾಹಿತ್ಯ. ನಾಯಕಿ ರಾಣಿಯದು ಕಾಲು ಊನವಾದ ರಂಗಗಾಯಕಿಯ ಪಾತ್ರ. ಆ ಪಾತ್ರಕ್ಕೆ ದನಿ ಕೊಟ್ಟವರು ಅಮೀರಬಾಯಿ. ಕಂಪನಿ ನಾಟಕದ ನಂಟಿನ ಮನೆಯಿಂದ ಬಂದವರಿಗೆ ರಂಗಗಾಯಕಿಯ ದುಃಖ ಹೊಸದಾಗಿ ಹೇಳಿಕೊಡಬೇಕಿರಲಿಲ್ಲ.

ಇದೇ ಚಿತ್ರದ 'ದೂರ್ ಹಟೋ' ಹಾಡನ್ನು ಅವರು ಖಾನ್ ಮಸ್ತಾನಾ ಜೊತೆ ಹಾಡಿದರು. ಕ್ವಿಟ್ ಇಂಡಿಯಾ ಚಳವಳಿ ಶುರುವಾಗಿ ಕೆಲವೇ ತಿಂಗಳು ಆಗಿತ್ತು, ನಾಯಕರೆಲ್ಲ ಜೈಲಿನಲ್ಲಿದ್ದರು. ಹಾಡಿನಲ್ಲಿ ಜರ್ಮನ್, ಜಪಾನಿ ಹೆಸರು ಬರೋದರಿಂದ ಅದು ಯುದ್ಧದ ಶತ್ರುಗಳ ವಿರುದ್ಧದ ಹಾಡು ಅಂತ ಸೆನ್ಸಾರ್‌ನವರು ಬಿಟ್ಟರು. ಚಿತ್ರಮಂದಿರದಲ್ಲಿ ಕೂತ ಜನಕ್ಕೆ ಮಾತ್ರ ಯಾರನ್ನು ದೂರ ಹೋಗಿ ಅಂತಿದ್ದಾರೆ ಅನ್ನೋದು ಸರಿಯಾಗಿಯೇ ಅರ್ಥವಾಯ್ತು. ಕಲ್ಕತ್ತಾದ ರಾಕ್ಸಿ ಚಿತ್ರಮಂದಿರವೊಂದರಲ್ಲೇ 'ಕಿಸ್ಮತ್' ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು.

ಅಲ್ಲಿಂದ ಮುಂದಿನ ನಾಲ್ಕೈದು ವರ್ಷ ಅವರ ಉತ್ತುಂಗದ ಕಾಲ. ನೌಷಾದ್ ಸಂಗೀತದ 'ರತನ್' (1944), ಸಿ. ರಾಮಚಂದ್ರರ 'ಶಹನಾಯಿ' (1947) ಹೀಗೆ ಒಂದರ ಹಿಂದೆ ಒಂದು. ಹಿಂದಿಯ ಜೊತೆಗೆ ಗುಜರಾತಿಯಲ್ಲೂ ಹಾಡಿದರು. 1948ರಲ್ಲಿ 'ಶಹನಾಜ್' ಚಿತ್ರಕ್ಕೆ ತಾವೇ ಸಂಗೀತ ನಿರ್ದೇಶನ ಮಾಡಿದರು. ಹೆಣ್ಣುಮಕ್ಕಳು ಸಂಗೀತ ನಿರ್ದೇಶಕಿಯಾಗೋದು ಆಗ ಬೆರಳೆಣಿಕೆಯ ಮಾತು. ಈಗಲೂ ಅದು ಅಷ್ಟೇನೂ ಬದಲಾಗಿಲ್ಲ.

ಅಕ್ಕನ ದಾರಿ ಬೇರೆ

ಗೋಹರಬಾಯಿ ಹೋಗಿದ್ದು ಮರಾಠಿ ರಂಗಭೂಮಿಗೆ. ಹೆಣ್ಣು ಪಾತ್ರಗಳಿಂದಲೇ ದಂತಕಥೆಯಾಗಿದ್ದ ನಟ ಬಾಲಗಂಧರ್ವರ ಕಂಪನಿಯನ್ನು 1930ರ ದಶಕದ ಕೊನೆಯಲ್ಲಿ ಸೇರಿದರು. ಬಾಲಗಂಧರ್ವರಿಗೆ ಆಗ ವಯಸ್ಸಾಗಿತ್ತು, ಕಂಪನಿ ಸಾಲದಲ್ಲಿತ್ತು. ಅವರು ಮಾಡುತ್ತಿದ್ದ ಹೆಣ್ಣು ಪಾತ್ರಗಳನ್ನು ಈ ಕನ್ನಡತಿ ಮಾಡತೊಡಗಿದರು. ಮುಂದೆ ಇಬ್ಬರೂ ಜೊತೆಯಾಗಿ ಬದುಕಿದರು.

ಇದನ್ನು ಮರಾಠಿ ಅಭಿಮಾನಿಗಳಲ್ಲಿ ಅನೇಕರು ಒಪ್ಪಲಿಲ್ಲ. ಗೋಹರ್ ಹೊರಗಿನವರು, ಮುಸ್ಲಿಮರು, ಮೇಲಾಗಿ 'ಬಾಯಿ'. ಬಾಲಗಂಧರ್ವರ ಕಷ್ಟಗಳಿಗೆಲ್ಲ ಅವರೇ ಕಾರಣ ಅನ್ನೋ ಮಾತು ಬಹಳ ಕಾಲ ನಡೆಯಿತು. ಆದರೆ ಕಂಪನಿಯ ಸಾಲ ಗೋಹರ್ ಬರೋದಕ್ಕೆ ಮುಂಚಿನದು. ಕಷ್ಟದ ದಿನಗಳಲ್ಲಿ ಬಾಲಗಂಧರ್ವರ ಜೊತೆಗಿದ್ದವರೂ ಅವರೇ.

ಹಾಡಿನಾಚೆಯ ಬದುಕು

ಅಮೀರಬಾಯಿ ಮದುವೆಯಾಗಿದ್ದು ಖಳನಟ ಹಿಮಾಲಯವಾಲಾ ಅವರನ್ನು. ಈ ಮದುವೆಯಲ್ಲಿ ಅವರು ಹೊಡೆತ, ಹಿಂಸೆ ಅನುಭವಿಸಿದ್ದನ್ನು ಅವರ ಬದುಕಿನ ಬಗ್ಗೆ ಬರೆದವರು ದಾಖಲಿಸಿದ್ದಾರೆ. ದೇಶವಿಡೀ ಹಾಡು ಗುನುಗುತ್ತಿದ್ದ ಹೊತ್ತಲ್ಲಿ ಹಾಡಿದವರ ಸ್ಥಿತಿ ಹೀಗಿತ್ತು. ದೇಶ ವಿಭಜನೆಯಾದಾಗ ಹಿಮಾಲಯವಾಲಾ ಪಾಕಿಸ್ತಾನಕ್ಕೆ ಹೋದರು. ಅಮೀರಬಾಯಿ ಇಲ್ಲೇ ಉಳಿದರು. ನಂತರ 'ಪಾರಸ್' ಪತ್ರಿಕೆಯ ಸಂಪಾದಕ ಬದ್ರಿ ಕಾಂಚ್‌ವಾಲಾ ಅವರನ್ನು ಮದುವೆಯಾಗಿ ನೆಮ್ಮದಿ ಕಂಡರು.

ಹೆಣ್ಣೊಬ್ಬಳ ಕೈಯಲ್ಲಿ ಸ್ವಂತ ದುಡಿಮೆ ಇದ್ದರೂ ಮನೆಯೊಳಗೆ ರಕ್ಷಣೆ ಇರುತ್ತೆ ಅಂತ ಹೇಳೋಕಾಗಲ್ಲ ಅನ್ನೋದಕ್ಕೆ ಅವರ ಮೊದಲ ಮದುವೆ ಉದಾಹರಣೆ. ಆದರೂ ಅದೇ ದುಡಿಮೆ ಇದ್ದಿದ್ದರಿಂದಲೇ ಆ ಮದುವೆ ಮುರಿದ ಮೇಲೆ ಅವರು ಯಾರ ಹಂಗಿಗೂ ಬೀಳಲಿಲ್ಲ.

ಮರೆತಿದ್ದು ಯಾಕೆ?

ಕಾರಣ ಒಂದಲ್ಲ, ನಾಲ್ಕಿವೆ.

ಮೊದಲನೆಯದು, ದನಿಯ ಫ್ಯಾಷನ್ ಬದಲಾಯ್ತು. ಮೈಕ್ ಇಲ್ಲದ ನಾಟಕದಲ್ಲಿ ಕೊನೆಯ ಸಾಲಿನವರೆಗೂ ಕೇಳಿಸಬೇಕು ಅಂದ್ರೆ ಗಟ್ಟಿಯಾದ, ಎದೆತುಂಬಿದ ದನಿ ಬೇಕು. ಅಮೀರಬಾಯಿ, ಜೊಹ್ರಾಬಾಯಿ ಎಲ್ಲ ಆ ಪರಂಪರೆಯವರು. ಮೈಕ್ ಸುಧಾರಿಸಿದಂತೆ ತೆಳು, ಎತ್ತರದ ದನಿಗೆ ಬೇಡಿಕೆ ಬಂತು. 1949ರಲ್ಲಿ 'ಮಹಲ್', 'ಬರ್ಸಾತ್', 'ಅಂದಾಜ್' ಚಿತ್ರಗಳ ಮೂಲಕ ಲತಾ ಮಂಗೇಶ್ಕರ್ ಇಡೀ ಚಿತ್ರರಂಗವನ್ನೇ ಆವರಿಸಿದರು. ಮರುವರ್ಷದ 'ಸಮಾಧಿ' ಚಿತ್ರದಲ್ಲಿ ಲತಾ ಮತ್ತು ಅಮೀರಬಾಯಿ ಒಟ್ಟಿಗೆ ಹಾಡಿದ 'ಗೋರೆ ಗೋರೆ' ಹಾಡು ಈಗಲೂ ಮದುವೆ ಆರ್ಕೆಸ್ಟ್ರಾಗಳಲ್ಲಿ ಕೇಳುತ್ತೆ. ಲ್ಯಾಟಿನ್ ತಾಳದ, ಪಕ್ಕಾ ಪಾಪ್ ಧಾಟಿಯ ಹಾಡದು. ಅದರಲ್ಲಿ ಎರಡು ಯುಗದ ದನಿ ಅಕ್ಕಪಕ್ಕ ಕೇಳಿಸುತ್ತವೆ.

ಎರಡನೆಯದು, ಹಿನ್ನೆಲೆ ಗಾಯಕಿಯರಿಗೆ ಹೆಸರೇ ಸಿಗುತ್ತಿರಲಿಲ್ಲ. ಅನೇಕ ಪ್ಲೇಟುಗಳ ಮೇಲೆ ಹಾಡಿದವರ ಬದಲು ಚಿತ್ರದ ಪಾತ್ರದ ಹೆಸರು ಇರುತ್ತಿತ್ತು. 'ಮಹಲ್' ಪ್ಲೇಟಿನ ಮೇಲೂ ಮೊದಲು ಇದ್ದಿದ್ದು ಲತಾ ಹೆಸರಲ್ಲ, 'ಕಾಮಿನಿ' ಅಂತ.

ಮೂರನೆಯದು, ವಿಭಜನೆಯ ನಂತರ ಬಾಂಬೆ ಚಿತ್ರರಂಗದ ಜನವೇ ಬದಲಾದರು. ನೂರ್ ಜಹಾನ್ ಅಂಥವರು ಪಾಕಿಸ್ತಾನಕ್ಕೆ ಹೋದರು. ಉಳಿದ ಹಳಬರಿಗೆ ನಿಧಾನಕ್ಕೆ ಕೆಲಸ ಕಡಿಮೆಯಾಯ್ತು. ಅಮೀರಬಾಯಿ ಸಣ್ಣಪುಟ್ಟ ಪೋಷಕ ಪಾತ್ರಗಳಿಗೆ ಮರಳಿದರು.

ನಾಲ್ಕನೆಯದು ನಮಗೆ ಸಂಬಂಧಪಟ್ಟಿದ್ದು. ಅವರು ಹೆಸರು ಮಾಡಿದ್ದು ಹಿಂದಿಯಲ್ಲಿ ಅಂತ ಕನ್ನಡದವರು ಲೆಕ್ಕಕ್ಕೆ ತಗೊಳ್ಳಲಿಲ್ಲ, ಕನ್ನಡದವರು ಅಂತ ಹಿಂದಿಯವರು ಹೆಚ್ಚು ಬರೆಯಲಿಲ್ಲ. ವಿಮರ್ಶಕ ರಹಮತ್ ತರೀಕೆರೆ ಅವರು ಅಮೀರಬಾಯಿಯ ಬದುಕಿನ ಮೇಲೆ ಪುಸ್ತಕ ಬರೆದ ಮೇಲೆಯೇ ಕನ್ನಡದಲ್ಲಿ ಈ ಹೆಸರು ಮತ್ತೆ ಚರ್ಚೆಗೆ ಬಂದಿದ್ದು.

ಊರಿಗೆ ಮರಳಿದ್ದು

ಬಾಂಬೆಯಲ್ಲಿ ದುಡಿದರೂ ಅವರು ಜಿಲ್ಲೆಯ ನಂಟು ಬಿಡಲಿಲ್ಲ. ಅಮೀರ್ ಟಾಕೀಸ್ ಅದರ ಗುರುತು. ಪಾರ್ಶ್ವವಾಯು ಬಡಿದು 1965ರ ಮಾರ್ಚ್ 3ರಂದು ತೀರಿಕೊಂಡರು. ಮಣ್ಣಾಗಿದ್ದು ವಿಜಯಪುರದಲ್ಲೇ.

ಅವರ ಹಾಡುಗಳು ಕಳೆದುಹೋಗಿಲ್ಲ. 'ಕಿಸ್ಮತ್', 'ರತನ್', 'ಸಮಾಧಿ' ಮೂರೂ ಚಿತ್ರಗಳ ಹಾಡು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮೊದಲ ಸಲ ಕೇಳೋರು 'ಕಿಸ್ಮತ್'ನ ಮೋಡಕ್ಕೆ ಹೇಳುವ ಜೋಗುಳದಂಥ ಹಾಡು 'ಧೀರೇ ಧೀರೇ'ಯಿಂದ ಶುರುಮಾಡಬಹುದು. ಮನೆಯಲ್ಲಿ 80 ದಾಟಿದ ಅಜ್ಜ ಅಜ್ಜಿ ಇದ್ದರೆ ಅವರ ಪಕ್ಕ ಕೂತು ಹಾಕಿ. ಹಾಡು ಅವರಿಗೆ ಗೊತ್ತಿರುತ್ತೆ. ಹಾಡಿದವರು ಬೀಳಗಿಯವರು ಅನ್ನೋದು ಅವರಿಗೂ ಹೊಸ ಸುದ್ದಿ ಆಗಿರಬಹುದು.

ಒಂದು ನೋಟ

1934: 'ವಿಷ್ಣು ಭಕ್ತಿ' ಮೂಲಕ ಸಿನಿಮಾ ಪ್ರವೇಶ
1943: 'ಕಿಸ್ಮತ್', ದೇಶವ್ಯಾಪಿ ಹೆಸರು
1944: 'ರತನ್'
1948: 'ಶಹನಾಜ್' ಚಿತ್ರಕ್ಕೆ ಸಂಗೀತ ನಿರ್ದೇಶನ
1950: 'ಸಮಾಧಿ', ಲತಾ ಮಂಗೇಶ್ಕರ್ ಜೊತೆ ಹಾಡು
1965, ಮಾರ್ಚ್ 3: ನಿಧನ