ಯಾರು ಮಾಡಿಸ್ಯಾರ?

ಸಂಜೆ ಹಿಂಡಲು ಕೂತರೆ ಎಮ್ಮೆ ಒದೆಯುತ್ತದೆ. ನಿನ್ನೆವರೆಗೆ ಎರಡೂ ಹೊತ್ತು ತಂಬಿಗೆ ತುಂಬುತ್ತಿತ್ತು. ಅದೇ ವಾರ ಮನೆಯ ಕೂಸಿಗೆ ಜ್ವರ. ಅಮಾಸೆಯ ಮರುದಿನ ಬಾಗಿಲು ತೆರೆದರೆ ಹೊಸ್ತಿಲ ಹೊರಗೆ ಕೊಯ್ದ ಲಿಂಬಿಹಣ್ಣು, ಅದರ ಮೇಲೆ ಕುಂಕುಮ. ‘ಯಾರೋ ಮಾಡಿಸ್ಯಾರ’ ಅನ್ನುತ್ತಾಳೆ ಅಜ್ಜಿ. ‘ಯಾರೋ’ ಎಂಬ ಮಾತು ‘ಯಾರು’ ಎಂಬ ಪ್ರಶ್ನೆಯಾಗಲು ಹೆಚ್ಚು ಹೊತ್ತು ಬೇಕಿಲ್ಲ.

ಗದಗ-ಬೆಟಗೇರಿಯ ಓಣಿಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಳ್ಳಿಗಳಲ್ಲಿ ಬೆಳೆದವರಿಗೆ ಈ ಮಾತು ಹೊಸದಲ್ಲ. ದೃಷ್ಟಿ, ಗಾಳಿ, ಮಾಟ, ಮದ್ದು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಆದರೆ ನಾಲ್ಕೂ ಒಂದೇ ಅಲ್ಲ. ದೃಷ್ಟಿಯಾದರೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರಾಯಿತು, ಯಾರ ಹೆಸರೂ ಬೇಕಿಲ್ಲ. ಗಾಳಿ ಸೋಕಿದರೆ ಅಪವಾದ ಸತ್ತವರ ಮೇಲೆ. ಮಾಟಕ್ಕೆ ಮತ್ತು ಅನ್ನದಲ್ಲಿ ಹಾಕುವ ಮದ್ದಿಗೆ ಮಾತ್ರ ಬದುಕಿರುವ ಒಬ್ಬರ ಹೆಸರು ಬೇಕು. ಕೇಡು ಶುರುವಾಗುವುದು ಅಲ್ಲಿಂದ.

ಹೇಳಿಕೆ ಕೇಳಲು ಹೋದವರಿಗೆ ಮಂತ್ರವಾದಿ ಹೆಸರು ಹೇಳುವುದಿಲ್ಲ. ‘ಮೂಡಣ ದಿಕ್ಕಿನ್ಯಾಗ ಅದಾಳ, ನಿಮ್ಮ ಮನ್ಯಾಗ ಉಂಡಾಕಿನ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾನೆ. ಹೆಸರು ತುಂಬುವವರು ಮನೆಯವರು. ಹೊಲದ ಬದುವಿನ ಜಗಳ ಯಾರ ಜೊತೆ ಇದೆ, ಗಂಡ ಸತ್ತ ಮೇಲೆ ಪಾಲು ಕೇಳಿದವಳು ಯಾರು, ಮಕ್ಕಳಿಲ್ಲದವಳು ಯಾರು, ಊರ ಕೊನೆಯ ಮನೆಯಲ್ಲಿ ಒಬ್ಬಳೇ ಇರುವ ಮುದುಕಿ ಯಾರು ಎಂದು ಹುಡುಕುತ್ತಾರೆ. ಮೂಡಣ ದಿಕ್ಕಿನಲ್ಲಿ ಇಂಥ ಒಬ್ಬಳು ಇದ್ದೇ ಇರುತ್ತಾಳೆ. ಮದ್ದು ತೆಗೆಯುವವನ ಕೆಲಸವೂ ಹೀಗೇ. ವಾಂತಿ ಮಾಡಿಸಿ, ಗಂಟಿನಂಥದ್ದನ್ನೇನೋ ತೋರಿಸಿ, ‘ಯಾರ ಮನ್ಯಾಗ ಉಂಡಿದ್ದಿ?’ ಎಂದು ಕೇಳುತ್ತಾನೆ. ಹೊಟ್ಟೆನೋವು ಇದ್ದಲ್ಲೇ ಇರುತ್ತದೆ, ಅನ್ನ ಬಡಿಸಿದವಳು ಅಪರಾಧಿಯಾಗುತ್ತಾಳೆ.

ಆಮೇಲೆ ಪಂಚಾಯ್ತಿ ಸೇರಬೇಕಿಲ್ಲ, ಯಾರೂ ತೀರ್ಪು ಓದಬೇಕಿಲ್ಲ. ಅವಳ ಮನೆಯ ಚಹಾ ಯಾರೂ ಕುಡಿಯುವುದಿಲ್ಲ. ಸೀಮಂತಕ್ಕೆ ಅವಳನ್ನು ಕರೆಯುವುದಿಲ್ಲ. ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದರೆ ತಾಯಿ ಸೆರಗು ಮುಚ್ಚಿಕೊಂಡು ಒಳಗೆ ಹೋಗುತ್ತಾಳೆ. ಶಿಕ್ಷೆ ಜಾರಿಯಾಗಿರುತ್ತದೆ.

ಸೇಲಂನಲ್ಲಿ ಕೇಳಿದ್ದೂ ಇದೇ

ಇದೇ ಪ್ರಶ್ನೆ ನ್ಯಾಯಾಲಯದ ಬಾಯಲ್ಲಿ ಬಂದರೆ ಏನಾಗುತ್ತದೆ ಎಂಬುದನ್ನು 1692ರಲ್ಲಿ ಅಮೆರಿಕದ ಸೇಲಂ ತೋರಿಸಿತು. ಸೇಲಂ ಇರುವ ಮೆಸಾಚುಸೆಟ್ಸ್ ಆಗ ಇಂಗ್ಲೆಂಡಿನ ವಸಾಹತು. ಅಲ್ಲಿ ನೆಲೆಸಿದ್ದ ಪ್ಯೂರಿಟನ್ನರು ಬಹಳ ಕಟ್ಟುನಿಟ್ಟಿನ ಕ್ರೈಸ್ತರು, ಸೈತಾನ ಊರ ಅಂಚಿನಲ್ಲೇ ಇದ್ದಾನೆಂದು ನಂಬಿದವರು. ಸೇಲಂ ಹಳ್ಳಿಯ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸ್ ಮನೆಯಲ್ಲಿ ಇಬ್ಬರು ಹುಡುಗಿಯರು ಕಿರುಚುವುದು, ಮೈ ತಿರುಚಿಕೊಳ್ಳುವುದು ಶುರುವಾಯಿತು. ರೋಗ ತಿಳಿಯದ ವೈದ್ಯ ಇದು ದುಷ್ಟಶಕ್ತಿಯ ಕೈವಾಡ ಎಂದುಬಿಟ್ಟ. ದೊಡ್ಡವರು ಮಕ್ಕಳ ಸುತ್ತ ಕೂತು ‘ನಿಮ್ಮನ್ನು ಕಾಡುತ್ತಿರುವವರು ಯಾರು?’ ಎಂದು ಕೇಳಿದರು.

ಮೂರು ಹೆಸರು ಬಂದವು. ಪ್ಯಾರಿಸ್ ಮನೆಯಲ್ಲಿ ಗುಲಾಮಳಾಗಿದ್ದ ಟಿಟುಬಾ, ಮನೆಮನೆಗೆ ಬೇಡಿ ತಿನ್ನುತ್ತಿದ್ದ ಸಾರಾ ಗುಡ್, ಆಸ್ತಿ ವ್ಯಾಜ್ಯದಲ್ಲಿ ಸಿಕ್ಕಿ ಚರ್ಚಿಗೆ ಬರುವುದನ್ನೇ ಬಿಟ್ಟಿದ್ದ ಸಾರಾ ಆಸ್ಬರ್ನ್. ಭಿಕ್ಷೆ ಹಾಕದವರ ಬಾಗಿಲಲ್ಲಿ ಸಾರಾ ಗುಡ್ ಏನೋ ಗೊಣಗಿಕೊಂಡು ಹೋದಳು, ಆಮೇಲೆ ದನ ಸತ್ತವು ಎಂಬ ದೂರೂ ಇತ್ತು. ಎಮ್ಮೆ ಹಾಲು ಕೊಡದ ನಮ್ಮ ಕೊಟ್ಟಿಗೆಯಿಂದ ಇದೇನು ದೂರದ ಕಥೆಯೇ?

ಮುಂದಿನ ಕೆಲವೇ ತಿಂಗಳಲ್ಲಿ ಆರೋಪ ಹೊತ್ತವರು ನೂರೈವತ್ತನ್ನು ದಾಟಿದರು. 19 ಮಂದಿಯನ್ನು ಗಲ್ಲಿಗೇರಿಸಲಾಯಿತು, ಅವರಲ್ಲಿ 14 ಹೆಂಗಸರು. ವಿಚಾರಣೆಗೆ ಒಪ್ಪದ ಮುದುಕ ಜೈಲ್ಸ್ ಕೋರಿಯನ್ನು ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಇನ್ನೂ ಕೆಲವರು ಜೈಲಿನಲ್ಲೇ ಸತ್ತರು. ಸಾಕ್ಷಿಯೆಂದು ನ್ಯಾಯಾಲಯ ಒಪ್ಪಿಕೊಂಡದ್ದರಲ್ಲಿ ಒಂದು, ‘ಅವಳ ಛಾಯೆ ರಾತ್ರಿ ಬಂದು ನನ್ನನ್ನು ಚಿವುಟಿತು’ ಎಂಬ ಮಾತು. ಆರೋಪಿ ಆ ಹೊತ್ತಿಗೆ ತನ್ನ ಮನೆಯಲ್ಲಿ ಮಲಗಿದ್ದರೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಬಂದದ್ದು ಅವಳಲ್ಲ, ಅವಳ ಛಾಯೆ ತಾನೆ!

ಜನ ಮಾಟವನ್ನು ನಂಬುವುದು ಬಿಟ್ಟರು ಅಂತ ಈ ವಿಚಾರಣೆಗಳು ನಿಲ್ಲಲಿಲ್ಲ. ಗವರ್ನರ್ ವಿಲಿಯಂ ಫಿಪ್ಸ್ 1692ರ ಅಕ್ಟೋಬರಿನಲ್ಲಿ ಇದಕ್ಕೆಂದೇ ಕೂರಿಸಿದ್ದ ವಿಶೇಷ ನ್ಯಾಯಾಲಯವನ್ನು ಮುಚ್ಚಿದ. ಮರುವರ್ಷ ಕೂತ ಹೊಸ ನ್ಯಾಯಾಲಯ ಛಾಯೆಯ ಸಾಕ್ಷಿಯನ್ನು ಒಪ್ಪಲಿಲ್ಲ. ಉಳಿದ ಆರೋಪಿಗಳಲ್ಲಿ ಹೆಚ್ಚಿನವರು ಬಿಡುಗಡೆಯಾದರು. ನ್ಯಾಯಾಧೀಶರಲ್ಲೊಬ್ಬನಾದ ಸ್ಯಾಮ್ಯುಯೆಲ್ ಸೀವಾಲ್ 1697ರಲ್ಲಿ ಚರ್ಚಿನಲ್ಲಿ ಎದ್ದು ನಿಂತು ತನ್ನ ತಪ್ಪನ್ನು ಒಪ್ಪಿಕೊಂಡ.

ಭಾನಾಮತಿಯ ಕಲ್ಲು

ನಮ್ಮಲ್ಲಿ ‘ಯಾರು?’ ಎನ್ನದೆ ‘ಏನಾಗಿದೆ?’ ಎಂದು ಕೇಳಿದವರೇ ಇರಲಿಲ್ಲವೆಂದಲ್ಲ. ಬೀದರ್, ಕಲಬುರಗಿ ಕಡೆ ಭಾನಾಮತಿ ಎಂಬ ಮಾಟದ ಭಯ ಬಹಳ ಹಳೆಯದು. ರಾತ್ರಿ ಮನೆ ಮೇಲೆ ಕಲ್ಲು ಬೀಳುತ್ತವೆ, ಪೆಟ್ಟಿಗೆಯೊಳಗಿನ ಬಟ್ಟೆಗೆ ಬೆಂಕಿ ಹತ್ತುತ್ತದೆ, ಹೆಂಗಸರು ನಾಯಿಯಂತೆ ಬೊಗಳುತ್ತಾರೆ ಎಂಬ ದೂರುಗಳು. ಇದನ್ನು ಪರಿಶೀಲಿಸಲು ರಾಜ್ಯ ಸರ್ಕಾರ ನೇಮಿಸಿದ ಸಮಿತಿಗೆ ಭೌತವಿಜ್ಞಾನದ ಮೇಷ್ಟ್ರು ಎಚ್. ನರಸಿಂಹಯ್ಯ ಅಧ್ಯಕ್ಷರಾಗಿದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸುವ ಸಮಿತಿ ಕಟ್ಟಿದ್ದವರು ಅವರು.

ಇಂಥ ಬೊಗಳುವಿಕೆಯನ್ನು ಮನೋವೈದ್ಯರು ಸಾಮೂಹಿಕ ಸನ್ನಿ ಎಂದು ಗುರುತಿಸುತ್ತಾರೆ. ಬಾಯಿಬಿಟ್ಟು ಹೇಳಲಾಗದ ಸಂಕಟ ಒಬ್ಬಳ ಮೈಯಲ್ಲಿ ಹೊರಬಿದ್ದರೆ, ಅದೇ ಸಂಕಟದಲ್ಲಿರುವ ಇನ್ನೊಬ್ಬಳಿಗೂ ದಾಟುತ್ತದೆ. ಇದು ನಟನೆಯಲ್ಲ, ಆಕೆಗೆ ಬೇಕಾದ್ದು ಆರೈಕೆ. ಬೀಳುವ ಕಲ್ಲಿನ ಹಿಂದೆ ಮಾತ್ರ ಎಸೆಯುವ ಕೈಯೊಂದು ಇರುತ್ತದೆ. ಅದನ್ನು ಹಿಡಿಯುವುದು ಪೊಲೀಸರ ಕೆಲಸ.

ಕಾಯ್ದೆ ಇದೆ, ದೂರಿಲ್ಲ

ಮೌಢ್ಯವನ್ನು ಪ್ರಶ್ನಿಸುವ ಈ ದಾರಿಯಲ್ಲಿ ರಕ್ತವೂ ಹರಿದಿದೆ. ಮಹಾರಾಷ್ಟ್ರದಲ್ಲಿ ಮಾಟ-ಮಂತ್ರದ ವಿರುದ್ಧ ಕಾಯ್ದೆಗಾಗಿ ಹೋರಾಡಿದ ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಕೊಂದರು. ನಮ್ಮ ಪಕ್ಕದ ಧಾರವಾಡದಲ್ಲಿ 2015ರ ಆಗಸ್ಟ್ 30ರಂದು ಸಂಶೋಧಕ ಎಂ.ಎಂ. ಕಲಬುರ್ಗಿ ಅವರನ್ನು ಮನೆ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಅದಕ್ಕೆ ಹಿಂದಿನ ವರ್ಷ ಅವರನ್ನು ವಿವಾದಕ್ಕೆ ಎಳೆದ ಮಾತು ಬಂದದ್ದು ಮೌಢ್ಯ ನಿಷೇಧ ಮಸೂದೆಯ ಚರ್ಚೆಯಲ್ಲೇ.

ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆಗೆ 2017ರಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಅದು ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಬೆತ್ತಲೆ ಮೆರವಣಿಗೆ ಮಾಡಿಸುವುದು, ನಿಧಿಯ ಆಸೆಗೆ ವಾಮಾಚಾರ ನಡೆಸುವುದು, ದೆವ್ವ-ಮಾಟದ ಹೆಸರಲ್ಲಿ ಭೀತಿ ಹುಟ್ಟಿಸುವುದು ಎಲ್ಲವೂ ಈಗ ಅಪರಾಧ. 1 ವರ್ಷದಿಂದ 7 ವರ್ಷದವರೆಗೆ ಜೈಲು, 5 ಸಾವಿರದಿಂದ 50 ಸಾವಿರ ರೂಪಾಯಿವರೆಗೆ ದಂಡ.

ಸೇಲಂನಲ್ಲಿ ಕಾನೂನು ಆರೋಪ ಹೊರಿಸುವವರ ಕಡೆಗಿತ್ತು. ನಮ್ಮಲ್ಲಿ ಆರೋಪ ಹೊತ್ತವಳ ಕಡೆಗಿದೆ. ಆದರೆ ಅವಳ ವಿಚಾರಣೆ ನಡೆಯುವುದು ಕಟ್ಟೆಯ ಮೇಲೆ, ನಳದ ಹತ್ತಿರ, ಹಿಟ್ಟಿನ ಗಿರಣಿಯಲ್ಲಿ. ಚಹಾ ಕುಡಿಯಲಿಲ್ಲ ಎಂದು ಯಾರ ಮೇಲೆ ದೂರು ಕೊಡಬೇಕು? ಈ ಮೌನದ ಬಹಿಷ್ಕಾರ ಮುಂದೆ ಎಲ್ಲಿಗೆ ಮುಟ್ಟೀತು ಎಂದು ಕೇಳುವವರು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕ ನೋಡಲಿ. 2022ರಲ್ಲಿ ದೇಶದಲ್ಲಿ ಮಾಟದ ಕಾರಣಕ್ಕೆ ಕೊಲೆಯಾದವರು 85 ಮಂದಿ. ಅಸ್ಸಾಮಿನ ಬಿರುಬಾಲಾ ರಾಭಾ, ಜಾರ್ಖಂಡಿನ ಚುಟ್ನಿ ಮಹತೋ ಇಬ್ಬರಿಗೂ 2021ರಲ್ಲಿ ಪದ್ಮಶ್ರೀ ಬಂದದ್ದು ಹೀಗೆ ‘ಡಾಯನ್’ (ಮಾಟಗಾತಿ) ಎನಿಸಿಕೊಂಡ ಹೆಂಗಸರ ಪರ ನಿಂತದ್ದಕ್ಕೆ. ಚುಟ್ನಿ ಸ್ವತಃ ಆ ಹೆಸರು ಹೊತ್ತು ಹೊಡೆತ ತಿಂದವರು.

ಶಿರಹಟ್ಟಿಯ ಫಕೀರೇಶ್ವರ ಮಠಕ್ಕೂ ಲಕ್ಷ್ಮೇಶ್ವರದ ದೂದನಾನಾ ದರ್ಗಾಕ್ಕೂ ಜಾತಿ-ಮತ ನೋಡದೆ ನಡೆದುಕೊಳ್ಳುವ ಜನ ನಾವು. ಬೇರೆ ಧರ್ಮದವರನ್ನು ಹತ್ತಿರ ಕೂಡಿಸಿಕೊಳ್ಳುವ ನಮಗೆ ಪಕ್ಕದ ಮನೆಯ ಒಂಟಿ ಹೆಂಗಸು ಮಾತ್ರ ದೂರವಾಗುವುದು ಏಕೆ? ಕೂಸಿನ ಜ್ವರಕ್ಕೆ ಬೆಟಗೇರಿಯ ಜರ್ಮನ್ ದವಾಖಾನೆ ಇದೆ, ಗದುಗಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಎಮ್ಮೆಗೆ ಪಶುವೈದ್ಯರಿದ್ದಾರೆ, ಕೆಚ್ಚಲು ಬಾವು ಮಂತ್ರಕ್ಕೆ ಇಳಿಯುವ ರೋಗವಲ್ಲ. ಮನಸ್ಸು ಕುಸಿದವರು 14416ಕ್ಕೆ ಫೋನ್ ಮಾಡಿದರೆ ಟೆಲಿ-ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಯಾರಾದರೂ ‘ದೆವ್ವ ಬಿಡಿಸ್ತೀವಿ’ ಎಂದು ಕೈಯೆತ್ತಿದರೆ 112ಕ್ಕೆ ಕರೆ ಮಾಡಿ.

ಮುಂದಿನ ಅಮಾಸೆಗೆ ಓಣಿಯಲ್ಲಿ ‘ಯಾರು ಮಾಡಿಸ್ಯಾರ?’ ಎಂಬ ಮಾತು ಎದ್ದಾಗ, ಅಲ್ಲಿ ಕೂತಿರುವ ನೀವು ‘ಏನಾಗೇತಿ? ಡಾಕ್ಟರ್‌ಗೆ ತೋರಿಸಿದ್ರೇನು?’ ಎಂದು ಕೇಳಿ. ಕೇಳಿದ ಮೇಲೆ ಆರೋಪ ಹೊತ್ತವಳ ಮನೆಗೆ ಹೋಗಿ, ಒಂದು ಕಪ್ ಚಹಾ ಕುಡಿದು ಬನ್ನಿ.