ದಪ್ಪ ಟಯರಿನ ಕರೆಂಟ್ ಸೈಕಲ್: ಆಸೆ ಮಕ್ಕಳದ್ದು, ಹೊಣೆ ಮನೆಯವರದ್ದು

ಶುಕ್ರವಾರ ದಮಾಮ್‌ನಿಂದ ಫೋನ್ ಬಂತೆಂದರೆ ನನ್ನ ತಂಗಿಯ ಮನೆಯಲ್ಲಿ ಎಲ್ಲರೂ ಚಾವಡಿಯಲ್ಲಿ ಸೇರುವುದು ವಾಡಿಕೆ. ಕಳೆದ ತಿಂಗಳು ನಾನೂ ಅಲ್ಲಿದ್ದೆ. ಆವತ್ತು ಬೇರೆ ಸುದ್ದಿಯೇ ಇಲ್ಲ. ಪಿಯುಸಿ ಓದುವ ಹುಡುಗನಿಗೆ ದಪ್ಪ ಟಯರಿನ ಇಲೆಕ್ಟ್ರಿಕ್ ಸೈಕಲ್ ಬೇಕಂತೆ. ರಜೆಯಲ್ಲಿ ಗುಡ್ಡೆಗೆ, ಕಡಲ ಕಿನಾರೆಗೆ ಹೋಗಲಿಕ್ಕೆ.

"ಉಪ್ಪ, ಸಾವಿರ ವ್ಯಾಟಿನದ್ದೇ ಬೇಕು. ಲೈಸೆನ್ಸ್ ಎಂತದೂ ಬೇಡ, ಸೈಕಲ್ ಅಲ್ವಾ!"

"ಅಲ್ಲಿ ಎಂತಕ್ಕೆ ತೆಗೆಯುವುದು ಮೋನು? ಇಲ್ಲಿ ಚೀಪ್ ಉಂಟು. ನಾನು ಬರುವಾಗಲೇ ತರ್ತೇನೆ" ಅಂದರು ಭಾವ.

ಉಪ್ಪ, ಮಗ ಇಬ್ಬರ ಲೆಕ್ಕವೂ ತಪ್ಪಿತ್ತು. ಇಂಥ ಮಾತು ಈಗ ಹಲವು ಮನೆಗಳಲ್ಲಿ ನಡೆಯುತ್ತಿರುವುದರಿಂದ, ಆವತ್ತು ನಾನು ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕಾನೂನು

ನಮ್ಮ ದೇಶದಲ್ಲಿ ನೋಂದಣಿ, ಲೈಸೆನ್ಸ್, ಇನ್ಶೂರೆನ್ಸ್ ಬೇಡ ಎಂಬ ವಿನಾಯಿತಿ ಎಲ್ಲ ಕರೆಂಟ್ ಸೈಕಲಿಗೂ ಇಲ್ಲ. ಮೋಟರಿನ ಶಕ್ತಿ 250 ವ್ಯಾಟ್ ಮತ್ತು ವೇಗ ಗಂಟೆಗೆ 25 ಕಿ.ಮೀ. ಮಿತಿಯೊಳಗೆ ಇರುವುದಕ್ಕೆ ಮಾತ್ರ ಆ ವಿನಾಯಿತಿ. ಅದನ್ನು ದಾಟಿದರೆ ಪೆಡಲ್ ಇದ್ದರೂ ಕಾನೂನಿನ ಕಣ್ಣಿಗೆ ಅದು ಮೋಟಾರು ವಾಹನವೇ. ಆನ್‌ಲೈನಿನಲ್ಲಿ 750, 1000 ವ್ಯಾಟ್ ಎಂದು ಹಾಕಿರುವುದನ್ನು ತೆಗೆದುಕೊಂಡರೆ ನಂಬರ್ ಪ್ಲೇಟ್ ಸಿಗುವುದು ಕಷ್ಟ, ಇಲ್ಲದೆ ರಸ್ತೆಗೆ ಇಳಿಸುವುದು ತಪ್ಪು.

ಹುಡುಗನಿಗೆ 18 ತುಂಬಿಲ್ಲದಿದ್ದರೆ ಸಂಗತಿ ಇನ್ನೂ ಗಂಭೀರ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಎಂಬ ಕಲಂ ಸೇರಿದೆ. ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಆ ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ನಾಳೆ ಗಲ್ಫಿನಲ್ಲೋ ಊರಲ್ಲೋ ಡ್ರೈವಿಂಗ್ ನಂಬಿ ದುಡಿಯಬೇಕಾದ ಹುಡುಗನಿಗೆ ಇದು ಸಣ್ಣ ನಷ್ಟವಲ್ಲ. ಇನ್ಶೂರೆನ್ಸ್ ಇಲ್ಲದ ಗಾಡಿ ಯಾರಿಗಾದರೂ ಬಡಿದರೆ ಪರಿಹಾರದ ಭಾರವೂ ಮನೆಯ ಮೇಲೆಯೇ.

ಅಂಗಡಿಯಲ್ಲಿ "ಇದು 250 ವ್ಯಾಟೇ ಸರ್" ಎಂದರೆ ಸಾಲದು. ಪುಣೆಯ ಎಆರ್‌ಎಐನಂಥ ಮಾನ್ಯ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ತೋರಿಸಲು ಹೇಳಿ. "ವೇಗದ ಲಾಕ್ ತೆಗೆದು ಕೊಡ್ತೇವೆ" ಎನ್ನುವ ಅಂಗಡಿಯಿಂದ ಹಾಗೆಯೇ ಹೊರಗೆ ಬನ್ನಿ. ಲಾಕ್ ತೆಗೆದ ಕ್ಷಣಕ್ಕೆ ವಿನಾಯಿತಿಯೂ ಹೋಯಿತು.

ಗಲ್ಫಿನಿಂದ ತರಬಹುದಾ?

ಸೈಕಲನ್ನು ಬಿಚ್ಚಿ ಪೆಟ್ಟಿಗೆಯಲ್ಲಿ ಹಾಕಬಹುದು, ಬ್ಯಾಟರಿಯನ್ನು ಆಗುವುದಿಲ್ಲ. ಪ್ರಯಾಣಿಕರ ವಿಮಾನದಲ್ಲಿ 100 ವ್ಯಾಟ್-ಅವರ್‌ವರೆಗಿನ ಲಿಥಿಯಂ ಬ್ಯಾಟರಿಗೆ ಅವಕಾಶ ಉಂಟು. 100ರಿಂದ 160ರವರೆಗೆ ವಿಮಾನ ಕಂಪೆನಿಯ ಒಪ್ಪಿಗೆ ಬೇಕು. 160 ದಾಟಿದ್ದನ್ನು ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ಬ್ಯಾಟರಿಯ ಲೆಕ್ಕ ಸುಲಭ: ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ. 36 ವೋಲ್ಟ್, 10 ಆಂಪಿಯರ್-ಅವರ್ ಎಂದರೆ 360. ಅಂದರೆ ಸಣ್ಣ ಬ್ಯಾಟರಿಯೇ ಮಿತಿಯ ಎರಡು ಪಾಲಿಗಿಂತ ಹೆಚ್ಚು. ಏರ್‌ಪೋರ್ಟಿನಲ್ಲಿ ಬ್ಯಾಟರಿ ಬಿಟ್ಟು ಬಂದರೆ ಮನೆಗೆ ತಲುಪುವುದು ಭಾರದ ಸೈಕಲ್ ಮಾತ್ರ. ಅಲ್ಲಿಯ ವಾರಂಟಿ, ಬಿಡಿಭಾಗ ಇಲ್ಲಿ ಸಿಗುವ ಭರವಸೆಯೂ ಇಲ್ಲ.

ದಪ್ಪ ಟಯರ್ ಯಾಕೆ?

ಅಮೆರಿಕದಲ್ಲಿ ಅಲಾಸ್ಕದ ಹಿಮ ಮತ್ತು ಮರುಭೂಮಿಯ ಮರಳಿನಲ್ಲಿ ಸೈಕಲ್ ಹೂತುಹೋಗದಿರಲಿ ಎಂದು ಹುಟ್ಟಿದ ಟಯರ್ ಇದು. 2005ರಲ್ಲಿ ಸರ್ಲಿ ಕಂಪೆನಿಯ ಪಗ್ಸ್‌ಲಿ ಬಂದ ಮೇಲೆ ಅಂಗಡಿಗಳಿಗೂ ಇಳಿಯಿತು. ಸಾಧಾರಣ ಮೌಂಟನ್ ಬೈಕಿನ ಟಯರ್ ಎರಡು, ಎರಡೂವರೆ ಇಂಚು ಅಗಲ. ಇದು ನಾಲ್ಕರ ಆಸುಪಾಸು. ಗುಟ್ಟು ಇರುವುದು ಅಗಲದಲ್ಲಿ ಮಾತ್ರವಲ್ಲ, ಗಾಳಿ ಕಡಿಮೆ ಇಡಬಹುದು ಎಂಬುದರಲ್ಲಿ. ಸಡಿಲ ಹೊಯಿಗೆಗೆ 5ರಿಂದ 8 ಪಿಎಸ್‌ಐ, ಗುಡ್ಡೆಯ ಕಾಲುದಾರಿಗೆ 10-12, ಡಾಮರು ರಸ್ತೆಗೆ 20ರ ಹತ್ತಿರ. ಟಯರಿನ ಬದಿಯಲ್ಲಿ ಬರೆದ ಮಿತಿಯನ್ನು ನೋಡಿಕೊಂಡೇ ಗಾಳಿ ಹಿಡಿಸಿ. ಗಟ್ಟಿ ಗಾಳಿ ಹಾಕಿ ಹೊಯಿಗೆಗೆ ಇಳಿದರೆ ದಪ್ಪ ಟಯರೂ ಹೂಳುತ್ತದೆ.

ಹಾಗಂತ ಎಲ್ಲರಿಗೂ ಇದು ಬೇಕಾಗಿಲ್ಲ. ದಿನಾ ಕಾಲೇಜಿಗೆ ಡಾಮರಿನಲ್ಲೇ ಹೋಗುವವನಿಗೆ ದಪ್ಪ ಟಯರ್ ಸುಮ್ಮನೆ ಭಾರ, ಬ್ಯಾಟರಿಯೂ ಬೇಗ ಖಾಲಿ. ಹೊಯಿಗೆ, ಸಡಿಲ ಜಲ್ಲಿ, ಕೆಂಪುಕಲ್ಲಿನ ಪದವು, ತೋಟದ ಮಣ್ಣುದಾರಿಯಲ್ಲಿ ಹೆಚ್ಚು ಓಡಾಡುವವನಿಗೆ ಮಾತ್ರ ಲಾಭ. ಎತ್ತರದವರಿಗೆ, ಕಲ್ಲು ಹತ್ತಿಸಲಿಕ್ಕೆ 26 ಇಂಚಿನ ಚಕ್ರ ಒಳ್ಳೆಯದು. ಗಿಡ್ಡವರಿಗೆ 20 ಇಂಚು ಹತ್ತಿ ಇಳಿಯಲು ಸುಲಭ. ಮನೆಯ ಹೆಣ್ಣುಮಕ್ಕಳೂ ಓಡಿಸುವುದಾದರೆ ನಡುವಿನ ಸರಳು ತಗ್ಗಿರುವ ಫ್ರೇಮ್ ನೋಡಿ, ಬಟ್ಟೆಗೂ ಅನುಕೂಲ.

ಮೋಟರ್, ಬ್ಯಾಟರಿ, ಬ್ರೇಕ್

ಮೋಟರ್ ಎರಡು ತರ. ಚಕ್ರದ ಗುಂಬದಲ್ಲಿರುವುದು ಹಬ್ ಮೋಟರ್, ಕಡಿಮೆ ಬೆಲೆಯದ್ದು. ನಿಧಾನವಾಗಿ ಉದ್ದದ ಏರು ಹತ್ತಿದರೆ ಬಿಸಿಯಾಗುತ್ತದೆ. ಪೆಡಲಿನ ಬುಡದಲ್ಲಿರುವುದು ಮಿಡ್ ಡ್ರೈವ್. ಸೈಕಲಿನ ಗೇರನ್ನೇ ಬಳಸುವುದರಿಂದ ಏರಿಗೆ ಚೆನ್ನ, ಆದರೆ ದುಬಾರಿ, ಚೈನ್ ಬೇಗ ಸವೆಯುತ್ತದೆ. ಕಡಲ ಬದಿಯ ಸಮತಟ್ಟಿಗೆ ಹಬ್ ಸಾಕು. ಘಟ್ಟದ ಬುಡದ ಊರಿನವರು ಮಿಡ್ ಡ್ರೈವ್ ಯೋಚಿಸಬಹುದು. ಯಾವುದಾದರೂ 250 ವ್ಯಾಟಿನಲ್ಲಿ ಕಡಿದಾದ ಏರು ಹತ್ತಲು ನೀವೂ ಪೆಡಲ್ ತುಳಿಯಲೇಬೇಕು.

"ಒಂದು ಚಾರ್ಜಿಗೆ 60 ಕಿ.ಮೀ." ಎಂಬುದು ಸಮತಟ್ಟು ರಸ್ತೆಯಲ್ಲಿ, ಕನಿಷ್ಠ ಸಹಾಯದಲ್ಲಿ ಅಳೆದದ್ದು. ಮಣ್ಣುದಾರಿಯಲ್ಲಿ ಕಿಲೋಮೀಟರಿಗೆ 20 ವ್ಯಾಟ್-ಅವರ್ ಎಂದು ಹಿಡಿಯಿರಿ. 360ರ ಬ್ಯಾಟರಿ 18 ಕಿ.ಮೀ., 720ರದ್ದು 36 ಕಿ.ಮೀ. ಅದರಲ್ಲಿ ಐದನೇ ಒಂದು ಪಾಲು ವಾಪಸು ಬರಲಿಕ್ಕೆ ಉಳಿಸಿ. ಇಂಥ ಸೈಕಲಿನ ತೂಕ 25ರಿಂದ 35 ಕೆ.ಜಿ. ಗುಡ್ಡೆಯಲ್ಲಿ ಚಾರ್ಜ್ ಮುಗಿದರೆ ದೂಡಿಕೊಂಡು ಬರುವುದು ಮಸ್ಕಿರಿ ಅಲ್ಲ.

ಭಾರ ಹೆಚ್ಚಿದಷ್ಟೂ ನಿಲ್ಲಿಸುವುದು ಕಷ್ಟ. ಎರಡೂ ಚಕ್ರಕ್ಕೆ ಹೈಡ್ರಾಲಿಕ್ ಡಿಸ್ಕ್ ಬ್ರೇಕ್, 180 ಮಿ.ಮೀ. ರೋಟರ್ ಇದ್ದರೆ ಒಳ್ಳೆಯದು. ಬ್ರೇಕ್ ಲಿವರ್ ಹಿಡಿದ ಕೂಡಲೇ ಮೋಟರ್ ನಿಲ್ಲುವ ವ್ಯವಸ್ಥೆ ಇರಲೇಬೇಕು. ಹೆಲ್ಮೆಟಿಗೆ ದುಡ್ಡು ಬೇರೆ ತೆಗೆದಿಡಿ.

ಹಣ ಕೊಡುವ ಮೊದಲು ಮೂರು ಪರೀಕ್ಷೆ ಮಾಡಿ. ಸೈಕಲನ್ನು ಎತ್ತಿ ನಾಲ್ಕು ಮೆಟ್ಟಿಲು ಹತ್ತಿಸಿ. ಮೋಟರ್ ಬಂದ್ ಮಾಡಿ ಅರ್ಧ ಕಿಲೋಮೀಟರ್ ತುಳಿಯಿರಿ. ಇಳಿಜಾರಿನಲ್ಲಿ ಬ್ರೇಕ್ ಹಿಡಿದು ನೋಡಿ. ಮತ್ತೆ, ಬೇರೆ ಬ್ಯಾಟರಿಯ ಬೆಲೆ ಎಷ್ಟು, ಸರ್ವಿಸ್ ಊರಿನಲ್ಲೇ ಉಂಟಾ ಎಂದು ಕೇಳಿ.

ಮನೆಗೆ ಬಂದ ಮೇಲೆ

ಬ್ಯಾಟರಿಯನ್ನು ರಾತ್ರಿ ಎಲ್ಲರೂ ಮಲಗಿರುವಾಗ ಚಾರ್ಜಿಗೆ ಇಡಬೇಡಿ. ಮಂಚದ ಬದಿ, ಮೆಟ್ಟಿಲಿನ ಕೆಳಗೆ, ಬಾಗಿಲಿನ ಹತ್ತಿರವಂತೂ ಬೇಡವೇ ಬೇಡ. ಬೆಂಕಿ ಹತ್ತಿದರೆ ಹೊರಗೆ ಓಡುವ ದಾರಿಯೇ ಮುಚ್ಚುತ್ತದೆ. ಕಂಪೆನಿ ಕೊಟ್ಟ ಚಾರ್ಜರ್ ಮಾತ್ರ ಬಳಸಿ. ಓಡಿಸಿ ಬಂದ ಬಿಸಿಯಲ್ಲೇ ಚಾರ್ಜಿಗೆ ಹಾಕಬೇಡಿ. ಬಿದ್ದು ಜಜ್ಜಿದ, ಉಬ್ಬಿದ ಬ್ಯಾಟರಿ ಮನೆಯೊಳಗೆ ಬೇಡ. ಮಳೆಗಾಲದಲ್ಲಿ ಓಡಿಸದೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ ಒಣ ಜಾಗದಲ್ಲಿ ಇಡಿ.

ಕಡಲ ತೆರೆಗೆ ಸೈಕಲ್ ಇಳಿಸಬೇಡಿ, ಉಪ್ಪುನೀರು ಬೇರಿಂಗಿಗೂ ವಯರಿಗೂ ಶತ್ರು. ಐಪಿಎಕ್ಸ್4 ಎಂದು ಬರೆದಿದ್ದರೆ ಎರಚಿದ ನೀರು ತಡೆಯುತ್ತದೆ ಎಂದರ್ಥ, ತೋಡು ದಾಟಬಹುದು ಎಂದಲ್ಲ. ಕಿನಾರೆಯಿಂದ ಬಂದ ಮೇಲೆ ಸಿಹಿನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿ, ಚೈನಿಗೆ ಎಣ್ಣೆ ಬಿಡಿ. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗುವಂತಿಲ್ಲ. ಬೇರೆಯವರ ತೋಟದಲ್ಲಿ ಹೋಗುವ ಮೊದಲು ಒಂದು ಮಾತು ಕೇಳುವುದು ಮರ್ಯಾದೆ.

ತಂಗಿಯ ಮನೆಯಲ್ಲಿ ಕೊನೆಗೆ ಆದದ್ದು ಇಷ್ಟು. ಹುಡುಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೇ ದಿನ "ಮಾಮ, 250 ವ್ಯಾಟಿನದ್ದು ನೋಡ್ಲಿಕ್ಕೆ ಬರ್ತೀರಾ?" ಅಂತ ಫೋನ್ ಮಾಡಿದ. ಮೂರು ಅಂಗಡಿ ಸುತ್ತಿದೆವು. ಎರಡು ಕಡೆ ಪ್ರಮಾಣಪತ್ರ ಕೇಳಿದ್ದಕ್ಕೆ ಮಾತು ಬದಲಿಸಿದರು. ಮೂರನೆಯವರು ಕಾಗದ ತೋರಿಸಿದರು, ಗುಡ್ಡೆಯ ಇಳಿಜಾರಿನಲ್ಲಿ ಓಡಿಸಿ ನೋಡಲೂ ಬಿಟ್ಟರು. ಭಾವ ಅಲ್ಲಿಂದಲೇ ಹಣ ಕಳಿಸಿದರು. ಚಾರ್ಜರ್ ಮಾತ್ರ ತಂಗಿಯ ಕಪಾಟಿನಲ್ಲಿ ಇರುತ್ತದೆ. ಸಂಜೆ ಅವಳು ತೆಗೆದುಕೊಟ್ಟರೆ ಚಾರ್ಜ್, ಮಲಗುವ ಮೊದಲು ಅದು ವಾಪಸು ಕಪಾಟಿಗೆ.